ಒಂದೇ ಒಲೆ, ಎರಡೇ ಬಗೆ, ಬಾಗಿಲಲ್ಲಿ ಸರದಿ: ನೇಪಲ್ಸ್ ಹಳೇ ಪೇಟೆಯ ಪಿಜ್ಜಾ ಅಂಗಡಿ ನಡೆಯೋದು ಹೀಗೆ

ಪಿಜ್ಜಾ ಅಂದ್ರೆ ನಮ್ಮ ಕಡೆ ಹುಟ್ಟುಹಬ್ಬದ ತಿಂಡಿ. ಮಕ್ಕಳು ಹಟ ಹಿಡಿದಾಗ ತರಿಸೋದು, ಬಿಲ್ ನೋಡಿ ಮನೆ ಹಿರಿಯರು ಗೊಣಗೋದು. ಆದ್ರೆ ಅದು ಹುಟ್ಟಿದ ಊರಾದ ಇಟಲಿಯ ನೇಪಲ್ಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಪಿಜ್ಜಾ ಕೂಲಿಕಾರರ, ಬಂದರಿನ ಹಮಾಲರ, ಸಣ್ಣ ಅಂಗಡಿಯವರ ಹೊಟ್ಟೆ ತುಂಬಿಸಿದ ಊಟ. ಇವತ್ತಿಗೂ ಆ ಊರಿನ ಹಳೇ ಪೇಟೆಯಲ್ಲಿ ಹೊಟ್ಟೆ ತುಂಬುವಷ್ಟು ದೊಡ್ಡ ಪಿಜ್ಜಾ ಯುರೋಪಿನ ಲೆಕ್ಕದಲ್ಲಿ ಅಗ್ಗದ ಊಟವೇ.

ಪ್ರಪಂಚದ ಎಲ್ಲ ಕಡೆಯಿಂದ ಪ್ರವಾಸಿಗರು ಬಂದು ಸಾಲು ನಿಲ್ಲುವ ಅಂಗಡಿ ಯಾಕೆ ಬೆಲೆಯನ್ನು ಮೂರು ಪಟ್ಟು ಏರಿಸಿಲ್ಲ? ಒಳಗೆ ಹೋದ್ರೆ ಊಟದ ಕ್ರಮ ಏನು? ನಮ್ಮಂಥವರು ಹೋದ್ರೆ ಎಲ್ಲಿ ಎಚ್ಚರ ಬೇಕು? ಓದಲು, ಕೆಲಸಕ್ಕೆ ಅಂತ ಯುರೋಪಿಗೆ ಹೋಗುವ ನಮ್ಮ ಮಕ್ಕಳಿಗೂ, ಇಲ್ಲೇ ಗಲ್ಲಾ ಮೇಲೆ ಕೂತು ವ್ಯಾಪಾರ ಮಾಡುವವರಿಗೂ ಉಪಯೋಗಕ್ಕೆ ಬರುವ ಸಂಗತಿ ಇದರಲ್ಲಿದೆ.

ಎಂಥ ಪೇಟೆ ಇದು?

ನೇಪಲ್ಸ್ ದಕ್ಷಿಣ ಇಟಲಿಯ ದೊಡ್ಡ ಬಂದರು ಊರು. ಸುಮಾರು 2,500 ವರ್ಷಗಳ ಹಿಂದೆ ಗ್ರೀಕರು ಕಟ್ಟಿದ್ದು. ಅವರು ಇಟ್ಟ ಹೆಸರು ನೆಯಾಪೊಲಿಸ್, ಅಂದ್ರೆ ಹೊಸ ಊರು. ಆಗ ಹಾಕಿದ ನೇರ ಬೀದಿಗಳ ಗೆರೆ ಇವತ್ತಿಗೂ ಅಳಿಸಿಲ್ಲ. ಅದೇ ಗೆರೆಯ ಮೇಲೆ ಮನೆ, ಚರ್ಚು, ಅಂಗಡಿ ನಿಂತಿವೆ. ಈ ಹಳೇ ಪೇಟೆಯನ್ನು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಪೇಟೆಯ ನಡುವಿನ ಮುಖ್ಯ ಬೀದಿಯ ಹೆಸರು ವಿಯಾ ದೆಯ್ ತ್ರಿಬುನಾಲಿ. ನಮ್ಮ ಮಾತಲ್ಲಿ ಹೇಳೋದಾದ್ರೆ ಕೋರ್ಟ್ ರಸ್ತೆ. ಬೀದಿಯ ಪೂರ್ವದ ತುದಿಯಲ್ಲಿರುವ ಹಳೇ ಕೋಟೆಯಲ್ಲಿ 16ನೇ ಶತಮಾನದಿಂದ ನ್ಯಾಯಾಲಯಗಳು ನಡೆದಿದ್ದರಿಂದ ಈ ಹೆಸರು ಬಂತು. ಎರಡು ಸ್ಕೂಟರ್ ಎದುರುಬದುರಾದ್ರೆ ನಡೆದು ಹೋಗೋರು ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಮೇಲೆ ಬಾಲ್ಕನಿಯಿಂದ ಬಾಲ್ಕನಿಗೆ ಬಟ್ಟೆ ಒಣಹಾಕಿರ್ತಾರೆ. ಕೆಳಗೆ ಸಾಲಾಗಿ ತಿಂಡಿ ಅಂಗಡಿ, ತರಕಾರಿ ಅಂಗಡಿ, ಚರ್ಚು.

ಇದೇ ಬೀದಿ ಬದಿಯ ಸಾನ್ ಲೊರೆನ್ಸೊ ಚರ್ಚಿನ ನೆಲದಡಿ ಅಗೆದಾಗ ರೋಮನ್ನರ ಕಾಲದ ಮಾರುಕಟ್ಟೆಯೇ ಸಿಕ್ಕಿದೆ. ಕಲ್ಲು ಹಾಸಿದ ಬೀದಿ, ಅದರ ಬದಿಗೆ ಸಾಲು ಮಳಿಗೆ. ಟಿಕೆಟ್ ತಗೊಂಡು ಇಳಿದು ನೋಡಬಹುದು. ಅಂದ್ರೆ ಮೇಲೆ ಇವತ್ತು ಪಿಜ್ಜಾ ಮಾರುವ ಜಾಗದ ಕೆಳಗೆ ಎರಡು ಸಾವಿರ ವರ್ಷದ ಹಿಂದೆಯೂ ಜನ ಅಂಗಡಿ ಇಟ್ಟುಕೊಂಡಿದ್ದರು.

ಹೆಸರುವಾಸಿ ಅಂಗಡಿಗಳು ಇಲ್ಲೇ ಸುತ್ತಮುತ್ತ ಇವೆ. ಸೊರ್ಬಿಲ್ಲೊ ಮನೆತನದ ಪಿಜ್ಜಾ ವ್ಯಾಪಾರ 1935ರದ್ದು, ದಿ ಮತ್ತೇಯೊ 1936ರದ್ದು. ಎರಡೂ ಈ ಕೋರ್ಟ್ ರಸ್ತೆಯಲ್ಲೇ. 1994ರಲ್ಲಿ ಜಿ-7 ಸಭೆಗೆ ಬಂದ ಅಮೆರಿಕ ಅಧ್ಯಕ್ಷ ಬಿಲ್ ಕ್ಲಿಂಟನ್ ದಿ ಮತ್ತೇಯೊದಲ್ಲಿ ಪಿಜ್ಜಾ ತಿಂದಿದ್ದು ಊರವರಿಗೆ ಇವತ್ತಿಗೂ ಹೇಳಿಕೊಳ್ಳುವ ವಿಷಯ. ಸ್ವಲ್ಪ ಆಚೆಗಿರುವ ದಾ ಮಿಕೇಲೆ ಮನೆತನ 1870ರಿಂದ ಈ ಕಸುಬಿನಲ್ಲಿದೆ, ಈಗಿನ ಜಾಗಕ್ಕೆ ಬಂದದ್ದು 1930ರಲ್ಲಿ. ದಶಕಗಳ ಕಾಲ ಅಲ್ಲಿ ಸಿಗುತ್ತಿದ್ದದ್ದು ಎರಡೇ ಬಗೆ: ಮರಿನಾರಾ ಮತ್ತು ಮಾರ್ಗರಿಟಾ.

ಒಳಗೆ ಹೋದ್ರೆ ಏನಾಗುತ್ತೆ?

ಮೊದಲು ಸರದಿ. ದೊಡ್ಡ ಹೆಸರಿನ ಅಂಗಡಿಗಳಲ್ಲಿ ಬಾಗಿಲಲ್ಲಿ ನಂಬರ್ ಚೀಟಿ ಕೊಡ್ತಾರೆ ಅಥವಾ ಹೆಸರು ಬರೆದುಕೊಳ್ತಾರೆ. ಕೂಗಿದಾಗ ಒಳಗೆ ಹೋಗಬೇಕು. ಜಾಗ ಕಮ್ಮಿ ಇದ್ದರೆ ಗುರುತಿಲ್ಲದವರ ಜೊತೆ ಒಂದೇ ಟೇಬಲ್‌ನಲ್ಲಿ ಕೂರಿಸೋದೂ ಉಂಟು. ಇದಕ್ಕೆ ಯಾರೂ ಮುಖ ಸಿಂಡರಿಸಲ್ಲ.

ಇನ್ನು ಆರ್ಡರ್. ನಮ್ಮಲ್ಲಿ ಒಂದು ಪಿಜ್ಜಾ ತರಿಸಿ ನಾಲ್ಕು ಜನ ಹಂಚಿಕೊಳ್ತೀವಿ. ಅಲ್ಲಿ ಒಬ್ಬರಿಗೆ ಒಂದು. ನಾಲ್ಕು ಜನ ಕೂತು ಒಂದೇ ಹೇಳಿದ್ರೆ ಟೇಬಲ್ ಹಿಡಿದು ಕೂತಂತೆ ಆಗುತ್ತೆ, ಅಂಗಡಿಯವರಿಗೆ ಹಿಡಿಸಲ್ಲ. ತಟ್ಟೆಯನ್ನೇ ಮುಚ್ಚುವಷ್ಟು ದೊಡ್ಡದಾಗಿ ಬಂದರೂ ತೆಳ್ಳಗಿರುವುದರಿಂದ ಒಬ್ಬರು ಮುಗಿಸಬಹುದು.

ಪಿಜ್ಜಾ ಕತ್ತರಿಸದೆ ಇಡಿಯಾಗಿ ಬರುತ್ತೆ. ಚಾಕು, ಫೋರ್ಕ್ ಕೊಡ್ತಾರೆ, ನೀವೇ ಕತ್ತರಿಸಿಕೊಳ್ಳಬೇಕು. ಕೈಯಲ್ಲಿ ಮಡಚಿ ತಿಂದರೂ ಯಾರೂ ಏನೂ ಅನ್ನಲ್ಲ. ಕೆಚಪ್ ಕೇಳೋದು ಬೇಡ, ಅದು ಅಲ್ಲಿನ ಪದ್ಧತಿಯಲ್ಲಿಲ್ಲ.

ಮೊದಲ ಸಲ ತಿನ್ನುವ ನಮ್ಮವರು ಸಾಮಾನ್ಯವಾಗಿ ಹೇಳುವ ಮಾತು: "ನಡುವೆ ಸರಿಯಾಗಿ ಬೆಂದಿಲ್ಲ, ನೀರು ನೀರು." ಬೆಂದಿದೆ. ನೇಪಲ್ಸ್ ಪಿಜ್ಜಾ ಇರಬೇಕಾದ್ದೇ ಹಾಗೆ: ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುಭಾಗ ಮೆತ್ತಗೆ, ಒದ್ದೆ. ಗರಿಗರಿ ಬೇಕು ಅನ್ನೋರು ರೋಮ್ ಪಿಜ್ಜಾ ಹುಡುಕಬೇಕು. ಒಲೆಯಿಂದ ಇಳಿದ ಐದು ನಿಮಿಷದೊಳಗೆ ತಿಂದರೆ ರುಚಿ. ಆರಿದರೆ ಚರ್ಮದ ಹಾಗೆ ಎಳೆಯುತ್ತೆ. ಅದಕ್ಕೇ ಅಲ್ಲಿನವರು ಹರಟೆ ಆಮೇಲೆ ಹೊಡೀತಾರೆ, ಪಿಜ್ಜಾ ಬಂದ ಕೂಡಲೇ ತಿಂತಾರೆ.

ಕೂತು ತಿನ್ನಲು ಪುರುಸೊತ್ತಿಲ್ಲದವರಿಗೆ ಇನ್ನೊಂದು ದಾರಿ ಇದೆ. ಅಂಗಡಿ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಸಣ್ಣ ಪಿಜ್ಜಾಗಳನ್ನು ಬೆಚ್ಚಗೆ ಇಟ್ಟಿರ್ತಾರೆ. ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೈಗೆ ಕೊಡ್ತಾರೆ. ಇದಕ್ಕೆ ಪಿಜ್ಜಾ ಆ ಪೋರ್ತಾಫೋಲ್ಯೊ ಅಂತ ಹೆಸರು. ಜೇಬಿನ ಪರ್ಸ್ ಹಾಗೆ ಮಡಚಿದ್ದು ಅಂತ ಅರ್ಥ. ನಡೆದುಕೊಂಡೇ ತಿನ್ನೋದು. ಕ್ಲಿಂಟನ್ ಅವತ್ತು ತಿಂದದ್ದೂ ಇದನ್ನೇ.

ಬಿಲ್‌ನಲ್ಲಿ ಏನೇನಿರುತ್ತೆ?

ಹಳೇ ಪೇಟೆಯ ಸಾಮಾನ್ಯ ಅಂಗಡಿಯಲ್ಲಿ ಮಾರ್ಗರಿಟಾ ಒಂದಕ್ಕೆ ಸುಮಾರು 5ರಿಂದ 8 ಯೂರೋ. ಯೂರೋಗೆ ಹೆಚ್ಚೂಕಮ್ಮಿ 100 ರೂಪಾಯಿ ಅಂತ ಇಟ್ಟುಕೊಂಡರೆ 500ರಿಂದ 800 ರೂಪಾಯಿ. ನಮಗೆ ಇದು ದುಬಾರಿ ಅನ್ನಿಸಬಹುದು. ಆದ್ರೆ ಯುರೋಪಿನ ಬಹಳಷ್ಟು ಊರುಗಳಲ್ಲಿ ಈ ದುಡ್ಡಿಗೆ ಕೂತು ಹೊಟ್ಟೆ ತುಂಬ ಊಟ ಮಾಡೋದು ಕಷ್ಟ. ಮಡಚಿದ ಪಿಜ್ಜಾ ಇದಕ್ಕಿಂತ ಬಹಳ ಅಗ್ಗ.

ಬಿಲ್‌ನಲ್ಲಿ "ಕೊಪೆರ್ತೊ" ಅಂತ ಒಂದು ಸಾಲು ಕಂಡ್ರೆ ಗಾಬರಿ ಬೇಡ. ಕೂತು ಊಟ ಮಾಡಿದ್ದಕ್ಕೆ ತಲೆಗಿಷ್ಟು ಅಂತ ಹಾಕುವ ಸಣ್ಣ ಮೊತ್ತ ಅದು. ಒಂದೆರಡು ಯೂರೋ ಇರುತ್ತೆ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ, ಕೆಲವರು ಹಾಕೋದೇ ಇಲ್ಲ. ಮೆನುವಿನಲ್ಲೇ ಬರೆದಿರ್ತಾರೆ, ಕೂರುವ ಮೊದಲು ಓದಿಕೊಳ್ಳಿ. ಕುಡಿಯುವ ನೀರನ್ನು ಸಾಮಾನ್ಯವಾಗಿ ಬಾಟಲಿಯಲ್ಲಿ ಕೊಟ್ಟು ದುಡ್ಡು ಹಾಕ್ತಾರೆ. ಸಾದಾ ನೀರಿಗೆ "ನಾತುರಾಲೆ", ಸೋಡಾದಂಥ ನೀರಿಗೆ "ಫ್ರಿತ್ಸಾಂತೆ" ಅನ್ನಬೇಕು. ಟಿಪ್ಸ್ ಕೊಡಲೇಬೇಕು ಅಂತ ಇಲ್ಲ.

ನಮ್ಮಲ್ಲಿ ಪದ್ಧತಿ ಬೇರೆ ಅನ್ನೋದು ನೆನಪಿರಲಿ. ಹೋಟೆಲ್‌ನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಸಸ್ಯಾಹಾರಿಗಳು ಇದನ್ನು ಓದಲೇಬೇಕು

ಮಾರ್ಗರಿಟಾ ಅಂದ್ರೆ ಟೊಮೆಟೊ, ಮೊಝರೆಲ್ಲಾ ಚೀಸ್, ಬೆಸಿಲ್ ಎಲೆ, ಆಲಿವ್ ಎಣ್ಣೆ. ಬೆಸಿಲ್ ಅಂದ್ರೆ ನಮ್ಮ ಕಾಮಕಸ್ತೂರಿ, ತುಳಸಿಯ ನೆಂಟ. ನೋಡೋಕೆ ಪೂರ್ತಿ ಸಸ್ಯಾಹಾರ. ಆದ್ರೆ ಇಟಲಿಯ ಸಾಂಪ್ರದಾಯಿಕ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುವುದು ಸಾಮಾನ್ಯ. ಆ ಸೀಮೆಯ ಹೆಸರಾಂತ ಎಮ್ಮೆ ಹಾಲಿನ ಮೊಝರೆಲ್ಲಾಗೂ ಅದನ್ನೇ ಬಳಸ್ತಾರೆ. ಪಾರ್ಮೆಸಾನ್ ಚೀಸ್‌ನದ್ದೂ ಇದೇ ಕಥೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಮರಿನಾರಾ ಸೂಕ್ತ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಚೀಸ್ ಇಲ್ಲ. ಹೆಸರಲ್ಲಿ ಸಮುದ್ರದ ವಾಸನೆ ಇದ್ದರೂ ಮೀನಿಲ್ಲ. ಬೆಳ್ಳುಳ್ಳಿಯೂ ಬೇಡ ಅನ್ನೋರು "ಸೆನ್ತ್ಸಾ ಆಲ್ಯೊ" ಅಂತ ಹೇಳಬೇಕು.

ಮೆನುವಿನಲ್ಲಿ "ಪೆಪೆರೋನಿ" ಅಂತ ಇದ್ದರೆ ಹೆದರಬೇಡಿ. ಇಟಾಲಿಯನ್‌ನಲ್ಲಿ ಅದು ದೊಣ್ಣೆ ಮೆಣಸಿನಕಾಯಿ. ಅಮೆರಿಕದವರು ಆ ಹೆಸರನ್ನು ಮಾಂಸದ ಸಾಸೇಜ್‌ಗೆ ಇಟ್ಟುಕೊಂಡಿದ್ದರಿಂದ ಗೊಂದಲ. ಹೆದರಬೇಕಾದ್ದು "ಪ್ರೊಶುಟ್ಟೊ", "ಸಲಾಮೆ", "ಸಲ್ಸಿಚ್ಚಾ", "ಚಿಕೊಲಿ" ಅನ್ನುವ ಪದಗಳಿಗೆ. ಇವು ಸಾಮಾನ್ಯವಾಗಿ ಹಂದಿ ಮಾಂಸದವು. "ಆಲಿಚಿ", "ಅಚ್ಚೂಗೆ" ಅಂದ್ರೆ ಸಣ್ಣ ಮೀನು. ಎಣ್ಣೆಯಲ್ಲಿ ಕರಿದ ಪಿಜ್ಜಾದ ಒಳಗೆ ಹಂದಿ ಮಾಂಸದ ತುಣುಕು ಇಡೋದು ಹಳೇ ಪದ್ಧತಿ, ಕೇಳದೆ ತಗೋಬೇಡಿ. ಎಲ್ಲ ಪಿಜ್ಜಾವೂ ಒಂದೇ ಒಲೆಯಲ್ಲಿ, ಒಂದೇ ಸಟ್ಟುಗದಲ್ಲಿ ಬೇಯುತ್ತೆ ಅನ್ನೋದೂ ಗೊತ್ತಿರಲಿ.

ಅಗ್ಗ ಆಗೋದು ಹೇಗೆ? ಒಲೆಯ ಲೆಕ್ಕ

ಇಲ್ಲಿದೆ ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿ. ನೇಪಲ್ಸ್ ಪಿಜ್ಜಾಕ್ಕೆ 2010ರಲ್ಲಿ ಯುರೋಪಿಯನ್ ಒಕ್ಕೂಟ ಸಾಂಪ್ರದಾಯಿಕ ತಿನಿಸು ಅಂತ ರಕ್ಷಣೆ ಕೊಟ್ಟಿತು. ಅದರ ನಿಯಮದಲ್ಲಿ ಎಲ್ಲವೂ ಅಳತೆ ಸಮೇತ ಬರೆದಿದೆ. ಒಂದು ಲೀಟರ್ ನೀರಿಗೆ ಸುಮಾರು 1.8 ಕೆಜಿ ನುಣುಪು ಗೋಧಿ ಹಿಟ್ಟು, 50ರಿಂದ 55 ಗ್ರಾಂ ಉಪ್ಪು, ಬರೀ 3 ಗ್ರಾಂ ಈಸ್ಟ್. ಹಿಟ್ಟು ಗಂಟೆಗಟ್ಟಲೆ ಹುದುಗಬೇಕು. ಒಂದೊಂದು ಉಂಡೆ 180ರಿಂದ 250 ಗ್ರಾಂ. ಲಟ್ಟಣಿಗೆ ಮುಟ್ಟುವಂತಿಲ್ಲ, ಕೈಯಲ್ಲೇ ತಟ್ಟಿ ಹಿಗ್ಗಿಸಬೇಕು. ಅಗಲ 35 ಸೆಂಟಿಮೀಟರ್ ಮೀರಬಾರದು. ನಡುವೆ ಅರ್ಧ ಸೆಂಟಿಮೀಟರ್‌ಗೂ ಕಮ್ಮಿ ದಪ್ಪ. ಸೌದೆ ಒಲೆಯ ನೆಲ ಸುಮಾರು 485 ಡಿಗ್ರಿ ಕಾದಿರಬೇಕು, ಬೇಯಲು 60ರಿಂದ 90 ಸೆಕೆಂಡ್.

ಈಗ ಗಲ್ಲಾದಲ್ಲಿ ಕೂತವರ ಕಣ್ಣಲ್ಲಿ ಇದನ್ನು ನೋಡಿ. 250 ಗ್ರಾಂ ಉಂಡೆ ಲೆಕ್ಕ ಹಿಡಿದರೂ ಒಂದು ಕೆಜಿ ಹಿಟ್ಟಿಗೆ ಆರು ಪಿಜ್ಜಾ ಆಗುತ್ತೆ. ಮೇಲೆ ಹಾಕೋದು ಟೊಮೆಟೊ, ಸ್ವಲ್ಪ ಚೀಸ್, ಎಣ್ಣೆ. ಅಂದ್ರೆ ಸಾಮಾನಿನ ಖರ್ಚು ಮಿತಿಯಲ್ಲಿದೆ. ಟೊಮೆಟೊ ಬರೋದು ವೆಸೂವಿಯಸ್ ಬೆಟ್ಟದ ಸುತ್ತಿನ ಬಯಲಿಂದ, ಎಮ್ಮೆ ಹಾಲಿನ ಚೀಸ್ ಪಕ್ಕದ ಕಾಸೆರ್ತಾ, ಸಲೆರ್ನೊ ಜಿಲ್ಲೆಗಳಿಂದ. ದೂರದಿಂದ ತರಿಸುವ ಸಾಗಾಣಿಕೆ ಖರ್ಚಿಲ್ಲ.

ಎರಡನೇದು ವೇಗ. ಒಲೆಯಲ್ಲಿ ಒಮ್ಮೆಗೆ ನಾಲ್ಕು ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ಒಂದೂವರೆ ನಿಮಿಷಕ್ಕೆ ನಾಲ್ಕು ಅಂದ್ರೆ ಗಂಟೆಗೆ 160. ಹಾಕೋದು, ತೆಗೆಯೋದು, ಸೌದೆ ಸರಿ ಮಾಡೋದು ಅಂತ ಅರ್ಧಕ್ಕೆ ಇಳಿಸಿದರೂ 80. ಒಬ್ಬ ತಟ್ಟುತ್ತಾನೆ, ಒಬ್ಬ ಒಲೆ ನೋಡಿಕೊಳ್ತಾನೆ. ಗಿರಾಕಿ ಅರ್ಧ ಗಂಟೆಯಲ್ಲಿ ತಿಂದು ಎದ್ದರೆ ಅದೇ ಕುರ್ಚಿ ರಾತ್ರಿಯಲ್ಲಿ ಐದಾರು ಸಲ ತುಂಬುತ್ತೆ.

ಮೂರನೇದು ಮೆನು. ಬಗೆ ಕಮ್ಮಿ ಇದ್ದಷ್ಟು ಉಳಿದು ಕೆಡುವ ಸಾಮಾನು ಕಮ್ಮಿ, ಕೈ ತಪ್ಪೋದೂ ಕಮ್ಮಿ. ನೂರು ಐಟಂ ಬೋರ್ಡ್ ಹಾಕಿ ಫ್ರಿಜ್ ತುಂಬಿಸಿಕೊಳ್ಳುವ ತಾಪತ್ರಯ ಇಲ್ಲ.

ಹಾಗಾಗಿ ಇದು ದಾನಧರ್ಮದ ಅಗ್ಗ ಅಲ್ಲ. ಒಂದೊಂದರಲ್ಲಿ ಸ್ವಲ್ಪವೇ ಉಳಿಸಿಕೊಂಡು, ದಿನಾ ಬರುವ ಜನರನ್ನು ನಂಬಿ ಕಟ್ಟಿದ ವ್ಯಾಪಾರ.

"ಇವತ್ತು ತಿನ್ನಿ, ಎಂಟು ದಿನಕ್ಕೆ ಕೊಡಿ"

ನಂಬಿಕೆ ಅಂದ್ರೆ ಬಾಯಿಮಾತಿನದ್ದಲ್ಲ, ಉದ್ರಿ ಪುಸ್ತಕದ್ದೇ. ಎರಡನೇ ಮಹಾಯುದ್ಧದಲ್ಲಿ ನೇಪಲ್ಸ್ ಮೇಲೆ ಬಾಂಬ್ ದಾಳಿ ವಿಪರೀತ ನಡೆಯಿತು. ಯುದ್ಧ ಮುಗಿದರೂ ಜನರ ಕೈಯಲ್ಲಿ ಕಾಸಿಲ್ಲ. ಆಗ ಜೋರಾಗಿ ನಡೆದದ್ದು ಕರಿದ ಪಿಜ್ಜಾ. ಅದಕ್ಕೆ ಒಲೆ ಬೇಡ, ಒಂದು ಬಾಣಲೆ ಸಾಕು. ಬೀದಿಗೇ ಬಾಗಿಲು ತೆರೆಯುವ ಒಂದು ಕೋಣೆಯ ಮನೆಗಳ ಮುಂದೆ ಹೆಂಗಸರು ಬಾಣಲೆ ಇಟ್ಟು ಕರಿದು ಮಾರುತ್ತಿದ್ದರು.

ಅದನ್ನು ಅವರು ಕೊಡುತ್ತಿದ್ದದ್ದು "ಆ ಒಜ್ಜೆ ಆ ಒಟ್ಟೊ" ಕರಾರಿನ ಮೇಲೆ. ಇವತ್ತು ತಿನ್ನಿ, ಎಂಟು ದಿನಕ್ಕೆ ದುಡ್ಡು ಕೊಡಿ ಅಂತ ಅರ್ಥ. ವಾರದ ಕೂಲಿ ಕೈಗೆ ಬಂದಾಗ ಬಾಕಿ ತೀರಿಸೋದು. ವಿಟ್ಟೋರಿಯೊ ದೆ ಸಿಕಾ 1954ರಲ್ಲಿ ಮಾಡಿದ "ನೇಪಲ್ಸ್‌ನ ಚಿನ್ನ" ಅನ್ನುವ ಅರ್ಥದ ಹೆಸರಿನ ಸಿನಿಮಾದಲ್ಲಿ ಇದೇ ಸಾಲದ ಪಿಜ್ಜಾದ ಮೇಲೆ ಒಂದು ಕಥೆ ಇದೆ. ಪಿಜ್ಜಾ ಮಾರುವ ಹೆಂಗಸಾಗಿ ನಟಿಸಿದವರು ಸೋಫಿಯಾ ಲೊರೆನ್.

ಗುರುತಿನವರಿಗೆ ಮಾತ್ರ ಉದ್ರಿ ಕೊಡಲು ಆಗುತ್ತೆ. ಯಾರ ಮಗ, ಎಲ್ಲಿ ಕೆಲಸ, ಯಾವತ್ತು ಸಂಬಳ ಅನ್ನೋದೆಲ್ಲ ಗೊತ್ತಿದ್ದರೇ ಎಂಟು ದಿನದ ಮಾತು. ಪಿಜ್ಜಾ ಅಂಗಡಿ ನಿಂತಿದ್ದು ಕೇರಿಯ ಈ ಗುರುತಿನ ಮೇಲೆ. ಇದೇ ಊರಲ್ಲಿ ಇನ್ನೊಂದು ಪದ್ಧತಿಯೂ ಇದೆ. ಕಾಫಿ ಕುಡಿದವರು ಎರಡು ಕಾಫಿಯ ದುಡ್ಡು ಕೊಟ್ಟು ಹೋಗ್ತಾರೆ. ಆಮೇಲೆ ಬರುವ ಬಡವರು ಯಾರೋ ಅದನ್ನು ಪುಕ್ಕಟೆ ಕುಡೀತಾರೆ. ಕೆಲವು ಪಿಜ್ಜಾ ಅಂಗಡಿಗಳೂ ಇದನ್ನು ಅನುಸರಿಸಿವೆ.

ಹಾಗಾದ್ರೆ ನಮ್ಮ ಊರಿಗೆ ಬಂದ ಪಿಜ್ಜಾ ಯಾವುದು?

ನೇಪಲ್ಸ್‌ನಿಂದ ನೇರವಾಗಿ ಬಂದದ್ದಲ್ಲ. ಹೊಟ್ಟೆಪಾಡಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋದ ದಕ್ಷಿಣ ಇಟಲಿಯವರು ಪಿಜ್ಜಾವನ್ನೂ ಜೊತೆಗೆ ಒಯ್ದರು. ನ್ಯೂಯಾರ್ಕ್‌ನ ಲೊಂಬಾರ್ಡೀಸ್ ಅಂಗಡಿ 1905ರಷ್ಟು ಹಳೇದು. ಅಲ್ಲಿ ಪಿಜ್ಜಾ ಚೀಸ್ ಹೆಚ್ಚಿಸಿಕೊಂಡು, ಪೆಟ್ಟಿಗೆಯಲ್ಲಿ ಮನೆಗೆ ಹೋಗೋದನ್ನು ಕಲಿತು, ಕಂಪನಿಗಳ ಸರಕಾಯಿತು. ಆ ಕಂಪನಿಗಳಲ್ಲಿ ಒಂದಾದ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ, 1996ರಲ್ಲಿ. ನಾವು ಪಿಜ್ಜಾ ಅಂತ ಮೊದಲು ತಿಂದದ್ದು ಆ ಅಮೆರಿಕದ ಬಗೆಯನ್ನು. ಪನೀರ್, ಜೋಳ ಎಲ್ಲ ಆಮೇಲೆ ನಾವು ಸೇರಿಸಿಕೊಂಡದ್ದು.

ಮಾರ್ಗರಿಟಾ ಹೆಸರಿನ ಕಥೆಯನ್ನೂ ಹೇಳಿಬಿಡೋಣ. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾ ಬಂದಾಗ ರಫೇಲ್ ಎಸ್ಪೊಸಿಟೊ ಎಂಬ ಪಿಜ್ಜಾದವನು ಬಾವುಟದ ಮೂರು ಬಣ್ಣದಲ್ಲಿ ಮಾಡಿ ಬಡಿಸಿದ ಅಂತ ಪ್ರತೀತಿ. ಚೀಸ್, ಟೊಮೆಟೊ, ಬೆಸಿಲ್ ಹಾಕೋದು ಅದಕ್ಕೂ ಹಿಂದೆಯೇ ಇತ್ತು, ಸಾಕ್ಷಿಯಾಗಿ ತೋರಿಸುವ ಅರಮನೆಯ ಪತ್ರವೂ ಅನುಮಾನದ್ದು ಅಂತಾರೆ ಕೆಲ ಇತಿಹಾಸಕಾರರು. ಕಥೆ ಮಾತ್ರ ವ್ಯಾಪಾರಕ್ಕೆ ಚೆನ್ನಾಗಿ ಒದಗಿದೆ.

ಈಗ ಎದ್ದಿರುವ ಚಿಂತೆ

2017ರ ಡಿಸೆಂಬರ್‌ನಲ್ಲಿ ನೇಪಲ್ಸ್‌ನ ಪಿಜ್ಜಾ ಕಸುಬನ್ನು ಯುನೆಸ್ಕೊ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಗೌರವ ಸಿಕ್ಕಿದ್ದು ತಿನಿಸಿಗಲ್ಲ, ಅದನ್ನು ತಟ್ಟುವ ಕೈಗೆ. ಊರಲ್ಲಿ ಸುಮಾರು 3,000 ಪಿಜ್ಜಾ ಕಸುಬುದಾರರು ಇದ್ದಾರೆ ಅಂತ ಯುನೆಸ್ಕೊ ದಾಖಲೆ ಹೇಳುತ್ತೆ. ಅಂಗಡಿಯಲ್ಲಿ ಹಿರಿಯರ ಪಕ್ಕ ನಿಂತು ನೋಡಿ ನೋಡಿ ಕಲಿಯೋದೇ ಈ ಕಸುಬಿನ ದಾರಿ.

ಹೆಸರು ಬಂದಂತೆ ಜನ ಬಂದರು. ಜನ ಬಂದಂತೆ ಹಳೇ ಪೇಟೆಯ ಮನೆಗಳು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಹೋಗತೊಡಗಿದವು. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಮಾಲೀಕರಿಗೆ ಹೆಚ್ಚು ಗಿಟ್ಟುತ್ತೆ. ತಲೆಮಾರುಗಳಿಂದ ಬಾಡಿಗೆಗಿದ್ದ ಸಂಸಾರಗಳು ಊರಾಚೆಗೆ ಹೋಗಬೇಕಾಗಿ ಬಂತು ಅನ್ನೋದು ಅಲ್ಲಿನ ನಿವಾಸಿಗಳ ದೂರು. ಸಂಸಾರ ಹೋದ ಮೇಲೆ ದಿನಸಿ ಅಂಗಡಿಗೆ, ದರ್ಜಿಗೆ, ಚಪ್ಪಲಿ ರಿಪೇರಿಯವರಿಗೆ ಏನು ಕೆಲಸ? ಆ ಮಳಿಗೆಗಳಿಗೂ ತಿಂಡಿ ಅಂಗಡಿಗಳೇ ಬರತೊಡಗಿದವು. ಇತ್ತೀಚಿನ ವರ್ಷಗಳಲ್ಲಿ ನಗರಾಡಳಿತವೇ ಹಳೇ ಪೇಟೆಯಲ್ಲಿ ಹೊಸ ತಿನಿಸು ಅಂಗಡಿ ತೆರೆಯಲು ಕೆಲ ಕಾಲ ತಡೆ ಹಾಕಬೇಕಾಯಿತು.

ಪಿಜ್ಜಾ ಅಂಗಡಿಗೆ ಇದರಿಂದ ಲಾಭವೇ ಅಲ್ವಾ ಅನ್ನಬಹುದು. ಸದ್ಯಕ್ಕೆ ಹೌದು, ಸಾಲು ಉದ್ದ ಆಗಿದೆ. ಆದ್ರೆ ಒಂದೇ ಸಲ ಬಂದು ಹೋಗುವ ಗಿರಾಕಿಯೂ, ವಾರಕ್ಕೆರಡು ಸಲ ಬರುವ ಪಕ್ಕದ ಮನೆಯವರೂ ಒಂದೇ ಅಲ್ಲ. ಪ್ರವಾಸಿಗ ಬೆಲೆ ಏರಿಸಿದ್ರೂ ಕೊಡ್ತಾನೆ, ರುಚಿ ಕೆಟ್ಟರೂ ಗೊತ್ತಾಗಲ್ಲ. ಪಕ್ಕದ ಮನೆಯವರು ಎರಡಕ್ಕೂ ಸುಮ್ಮನಿರಲ್ಲ. "ನಿನ್ನೆ ಹಿಟ್ಟು ಹುಳಿ ಆಗಿತ್ತಲ್ಲಪ್ಪ" ಅಂತ ಎದುರಿಗೇ ಹೇಳ್ತಾರೆ. ಆ ಅಂಗಡಿಗಳ ಬೆಲೆಯನ್ನೂ ರುಚಿಯನ್ನೂ ಇಷ್ಟು ಕಾಲ ಹಿಡಿದಿಟ್ಟದ್ದು ನಿಯಮದ ಪುಸ್ತಕಕ್ಕಿಂತ ಹೆಚ್ಚಾಗಿ ಈ ಮಾತು.

ಅಂಗಡಿ ಇಟ್ಟವರಿಗೆ ಒಂದು ಮಾತು

ನೇಪಲ್ಸ್‌ನ ಅಂಗಡಿಗಳನ್ನು ನೋಡಿ ನಾಳೆಯೇ ಸೌದೆ ಒಲೆ ಕಟ್ಟಿಸಿ ಅಂತ ಯಾರೂ ಹೇಳ್ತಿಲ್ಲ. ಮಾಡೋದು ಎರಡೇ ಆದ್ರೂ ಕೈ ಕೂತಿರಲಿ, ಸಾಮಾನು ಹತ್ತಿರದ್ದಾಗಿರಲಿ, ಬೆಲೆ ಬೋರ್ಡಿನ ಮೇಲೆ ಇರಲಿ, ಸುತ್ತಿನ ಮನೆಯವರು ಮರಳಿ ಬರುವಂತಿರಲಿ. ಅಲ್ಲಿ ನೂರು ವರ್ಷ ದಾಟಿದ ಅಂಗಡಿಗಳು ನಡೆದು ಬಂದದ್ದು ಇಷ್ಟರ ಮೇಲೆಯೇ.

ಇನ್ನು ಹೋಗಿ ತಿನ್ನುವವರಿಗೆ: ಊಟದ ಹೊತ್ತಿಗೆ ಸ್ವಲ್ಪ ಮೊದಲೇ ಹೋದ್ರೆ ಸಾಲು ಕಮ್ಮಿ. ಭಾನುವಾರ ಬಾಗಿಲು ಹಾಕುವ ಅಂಗಡಿಗಳೂ ಇವೆ, ವಿಚಾರಿಸಿ ಹೊರಡಿ. ದೊಡ್ಡ ಹೆಸರಿನ ಕಡೆ ಎರಡು ಗಂಟೆ ಕಾಯಬೇಕು ಅಂದ್ರೆ ಎರಡು ಬೀದಿ ಆಚೆ ಊರವರೇ ಕೂತು ತಿನ್ನುವ ಸಣ್ಣ ಅಂಗಡಿ ನೋಡಿ. ಮೊದಲಿಗೆ ಮರಿನಾರಾ ಅಥವಾ ಮಾರ್ಗರಿಟಾ ಹೇಳಿ. ಮೇಲೆ ಹಾಕೋದು ಕಮ್ಮಿ ಇದ್ದಾಗಲೇ ಹಿಟ್ಟಿನ ನಿಜವಾದ ರುಚಿ ಗೊತ್ತಾಗೋದು.